ಲೆಕ್ಕದಿಂದ ಬಿಟ್ಟುಹೋದವರು

ವಿಸ್ವಾವಾ ಶಿಂಬೋರ್ಸ್ಕಾ ಪೋಲೆಂಡಿನ ಕವಿ. ಚಿಕ್ಕಂದಿನಲ್ಲೇ ಕ್ರಾಕೋವ್ ನಗರಕ್ಕೆ ಬಂದವರು ಅಲ್ಲೇ ಬಾಳಿ, 2012ರಲ್ಲಿ ಅಲ್ಲೇ ತೀರಿಕೊಂಡರು. ಆದರೂ ಅವರನ್ನು ಓದಲು ಕಲ್ಕತ್ತೆಯಂಥ ಊರು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಯಾಕೆಂದು ಹೇಳುತ್ತೇನೆ.

ಅವರ ಆಯ್ದ ಕವಿತೆಗಳು ಇಂಗ್ಲಿಷಿನಲ್ಲಿ ಹಲವು ಬಾರಿ ಬಂದಿವೆ. 1995ರಲ್ಲಿ ಬರಾಂಚಾಕ್ ಮತ್ತು ಕ್ಲೇರ್ ಕ್ಯಾವನಾ ಸೇರಿ ನೂರು ಕವಿತೆಗಳ ಅನುವಾದ ತಂದರು. ಮರುವರ್ಷವೇ ನೊಬೆಲ್ ಬಂತು. ನಾನು ಇವನ್ನು ಓದಿದ್ದು ಕಲ್ಕತ್ತೆಯ ಆಲಿಪುರದ ನ್ಯಾಷನಲ್ ಲೈಬ್ರರಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಈ ಲೈಬ್ರರಿಯನ್ನು ಕಟ್ಟಿ ನಿಲ್ಲಿಸಿದ ಬಿ. ಎಸ್. ಕೇಶವನ್ ಅವರ ಹೆಸರಿನ ಮೊದಲಕ್ಷರ ಬಳ್ಳಾರಿಯದು. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಇಲ್ಲಿಗೆ ಬಂದವರು ಅವರು. ಕನ್ನಡ ಪುಸ್ತಕಗಳಿಗೂ ಇಲ್ಲಿ ಪ್ರತ್ಯೇಕ ವಿಭಾಗವಿದೆ. ಪರಊರಿನಲ್ಲಿ ಓದಲು ಕೂತವನಿಗೆ ಇಷ್ಟು ಸಾಕು, ತವರಿನ ಧೈರ್ಯ ಬಂದುಬಿಡುತ್ತದೆ.

ಶಿಂಬೋರ್ಸ್ಕಾ ಬರೆದು ಪ್ರಕಟಿಸಿದ್ದು ಮುನ್ನೂರೈವತ್ತರ ಆಸುಪಾಸಿನ ಕವಿತೆಗಳನ್ನು ಮಾತ್ರ. ಈರುಳ್ಳಿಯ ಮೇಲೆ ಒಂದು, ಗಣಿತದ ‘ಪೈ’ ಮೇಲೆ ಒಂದು, ಮನೆಯೊಡೆಯ ಸತ್ತಿರುವುದು ತಿಳಿಯದೆ ಖಾಲಿ ಮನೆಯಲ್ಲಿ ಕಾಯುವ ಬೆಕ್ಕಿನ ಮೇಲೆ ಒಂದು. ನೋಡಲು ಹಗುರ, ಮಾತು ಆಡುಮಾತು. ಒಳಗೆ ಇಳಿದರೆ ಕಾಲಿಗೆ ನೆಲ ಸಿಗುವುದಿಲ್ಲ. ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1962ರ ಸಂಕಲನದಲ್ಲಿ ಬಂದ, ಯಾಸ್ವೋ ಎಂಬ ಊರಿನ ಹತ್ತಿರದ ಶಿಬಿರವನ್ನು ಕುರಿತ ಕವಿತೆ. ನಾಜಿಗಳು ಕೈದಿಗಳನ್ನು ಬಯಲಲ್ಲಿ ಕೂಡಿಹಾಕಿ, ಕೂಳಿಲ್ಲದೆ ಸಾಯಿಸಿದ ಜಾಗ ಅದು. ಎಷ್ಟು ಜನ ಸತ್ತರು? ಚರಿತ್ರೆ ಲೆಕ್ಕವನ್ನು ಸೊನ್ನೆಗಳಿಗೆ ತಂದು ನಿಲ್ಲಿಸುತ್ತದೆ, ಕೊನೆಯ ಒಬ್ಬ ಅದರಿಂದ ಬಿಟ್ಟುಹೋಗುತ್ತಾನೆ. ಹುಟ್ಟೇ ಇರಲಿಲ್ಲವೇನೋ ಎಂಬಂತೆ ಅಳಿದುಹೋಗುವ ಆ ಒಬ್ಬನಿಗಾಗಿ ಕವಿತೆ ತಳಮಳಿಸುತ್ತದೆ.

ಇದನ್ನು ಓದಿ ಲೈಬ್ರರಿಯಿಂದ ಹೊರಬಿದ್ದರೆ ಎದುರಿಗಿರುವುದು 1943ರ ಬಂಗಾಳದ ಕ್ಷಾಮ ಕಂಡ ಕಲ್ಕತ್ತೆಯ ರಸ್ತೆಗಳು. ಹಳ್ಳಿಗಳಿಂದ ಬಂದ ಜನ ಮನೆಮನೆಯ ಮುಂದೆ ನಿಂತು ಕೂಗಿದ್ದು ಇಲ್ಲೇ. ಅನ್ನ ಕೇಳುವ ಆಸೆಯನ್ನೂ ಬಿಟ್ಟು, ಬಸಿದ ಗಂಜಿಯಾದರೂ ಕೊಡಿ ಎಂದು ಬೇಡಿಕೊಂಡರು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 15 ಲಕ್ಷ ಜನ ಸತ್ತರೆಂದಿತು. ಅಮರ್ತ್ಯ ಸೇನ್ ಲೆಕ್ಕ ಹಾಕಿದಾಗ ಅದು 30 ಲಕ್ಷದ ಹತ್ತಿರ ಹೋಯಿತು. ಎರಡು ಅಂಕಿಗಳ ನಡುವಿನ ಕಂದರದಲ್ಲೇ 15 ಲಕ್ಷ ಜನ ಮಲಗಿದ್ದಾರೆ! ಯಾಸ್ವೋದ ಕವಿತೆ ಒಬ್ಬನಿಗಾಗಿ ಅಷ್ಟು ನೊಂದರೆ, ಇವರಿಗೆಲ್ಲ ಯಾರು ನೋಯಬೇಕು?

ನೊಂದವನೊಬ್ಬ ಇದ್ದ. ಚಿತ್ತಪ್ರಸಾದ್ ಎಂಬ ಕಲಾವಿದ. 1943ರ ನವೆಂಬರಿನಲ್ಲಿ ಮಿದ್ನಾಪುರ ಜಿಲ್ಲೆಯಲ್ಲಿ ಓಡಾಡಿ, ಶಾಯಿಯಲ್ಲಿ ಚಿತ್ರ ಬರೆದು, ‘ಹಂಗ್ರಿ ಬೆಂಗಾಲ್’ ಎಂಬ ಸಣ್ಣ ಪುಸ್ತಕ ತಂದ. ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ನಾಶ ಮಾಡಿತು. ಮನೆಯವರು ಕಾಪಿಟ್ಟ ಪ್ರತಿಯಿಂದ 2011ರಲ್ಲಿ ಅದು ಮತ್ತೆ ಅಚ್ಚಾಯಿತು. ಆ ಮರುಮುದ್ರಣವನ್ನು ಕವಿತೆಗಳ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ಕಪ್ಪು ಗೀರುಗಳಲ್ಲಿ ಪಕ್ಕೆಲುಬು, ಮೊಣಕಾಲ ಚಿಪ್ಪು, ತಲೆಗಿಂತ ದೊಡ್ಡದಾಗಿ ಕಾಣುವ ಕಣ್ಣು. ಈ ಚಿತ್ರಕಾರ ಯಾರನ್ನೂ ಬರೀ ‘ಕ್ಷಾಮಪೀಡಿತ’ ಎಂದು ಬಿಡುವುದಿಲ್ಲ, ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ನೆಲದ ಮೇಲೆ ಹೆಣವಾಗಿ ಬಿದ್ದ ಒಬ್ಬನ ಹೆಸರು ಕ್ಷೇತ್ರಮೋಹನ ನಾಯಕ್. 15 ಲಕ್ಷವಾಗಲಿ, 30 ಲಕ್ಷವಾಗಲಿ, ಇವನೊಬ್ಬ ಇನ್ನು ಯಾವ ಸೊನ್ನೆಯೊಳಗೂ ಕರಗುವುದಿಲ್ಲ. ಶಿಂಬೋರ್ಸ್ಕಾ ಕೇಳುತ್ತಿದ್ದುದನ್ನೇ, ಅವರು ಆ ಕವಿತೆ ಬರೆಯುವ ಎಷ್ಟೋ ವರ್ಷ ಮೊದಲು, ಚಿತ್ತಪ್ರಸಾದ್ ಬಂಗಾಳದಲ್ಲಿ ಮಾಡಿಟ್ಟಿದ್ದ.

ಹಾಗೆಂದು ಲೆಕ್ಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕ್ಷಾಮದ ನಂತರ ಇದೇ ಊರಿನ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಮತ್ತು ಅವರ ಸಂಗಡಿಗರು 386 ಹಳ್ಳಿಗಳ 15,769 ಕುಟುಂಬಗಳನ್ನು ಸಮೀಕ್ಷೆ ಮಾಡಿದರು. ಯಾರ ಗದ್ದೆ ಮಾರಾಟವಾಯಿತು, ಯಾರ ಎತ್ತು ಹೋಯಿತು, ಯಾರು ಕೂಲಿಗಿಳಿದರು ಎಂದು ವಿಚಾರಿಸಿದರು. ಕೊನೆಯ ಒಂಬತ್ತನ್ನು ಉಳಿಸಿಕೊಂಡ ಆ 15,769ರಲ್ಲಿ ನನಗೆ ಮರ್ಯಾದೆ ಕಾಣುತ್ತದೆ. ಶಿಂಬೋರ್ಸ್ಕಾ ಕೂಡ ಅಂಕಿಅಂಶವನ್ನೇ ಹಿಡಿದು ಕವಿತೆ ಬರೆದವರು. ನೂರು ಜನರಲ್ಲಿ ಎಷ್ಟು ಮಂದಿ ಎಂಥವರು ಎಂದು ಎಣಿಸುತ್ತ ಹೋಗಿ, ಸಾಯುವವರ ಸರದಿ ಬಂದಾಗ ನೂರಕ್ಕೆ ನೂರನ್ನೂ ಸೇರಿಸಿಬಿಡುತ್ತಾರೆ.

ನಮ್ಮ ಕಡೆಯದನ್ನೂ ನೆನೆಯಬೇಕು. ಧಾತು ಈಶ್ವರ ಸಂವತ್ಸರಗಳ ಬರ ಎಂದು ಹಿರಿಯರ ಬಾಯಲ್ಲಿ ಉಳಿದಿರುವುದು 1876–78ರದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ, 1881ರ ಗಣತಿಗೆ 42 ಲಕ್ಷದಷ್ಟಾಗಿದ್ದರು. ನಮ್ಮ ಮನೆಗಳಲ್ಲಿ ಆ ಬರದ ಕಥೆ ಉಳಿದವರಿಂದಲೇ ಶುರುವಾಗುತ್ತದೆ. ಹೋದವರನ್ನು ‘ಮಿಕ್ಕವರು’ ಎಂದು ಹೇಳಿ ಮುಂದೆ ಸಾಗುತ್ತೇವೆ.

ಒಬ್ಬೊಬ್ಬರನ್ನೂ ನೆನೆಯುವುದು ಶಿಂಬೋರ್ಸ್ಕಾರಿಗೂ ಮೊದಲಿನಿಂದ ಬಂದದ್ದಲ್ಲ. ಅವರ ಮೊದಲೆರಡು ಸಂಕಲನಗಳು, 1952 ಮತ್ತು 1954ರವು, ಕಮ್ಯುನಿಸ್ಟ್ ಪಕ್ಷದ ಹಾದಿಯಲ್ಲೇ ನಡೆದವು. 1966ರಲ್ಲಿ ಅವರು ಪಕ್ಷ ಬಿಟ್ಟರು. ಗುಂಪಿನ ಪರವಾಗಿ ಹಾಡಿದ ಗಂಟಲು ಒಬ್ಬೊಬ್ಬರನ್ನೂ ಕರೆಯಲು ಕಲಿತದ್ದು ಹೇಗೆಂಬುದು ಆ ವರ್ಷಗಳ ಕವಿತೆಗಳಲ್ಲಿದೆ. ಯುದ್ಧದ ಕಾಲದಲ್ಲಿ ಜರ್ಮನಿಗೆ ಜೀತಕ್ಕೆ ಸಾಗಿಸುವವರಿಂದ ಪಾರಾಗಲು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ್ದವರು ಅವರು. ತಾನು ಉಳಿದುಕೊಂಡದ್ದು ಬರೀ ಅದೃಷ್ಟ ಎಂಬ ಅರಿವು ಅವರ ಬರಹವನ್ನು ಎಂದೂ ಬಿಡಲಿಲ್ಲ.

ಅದೃಷ್ಟವಿಲ್ಲದವರ ಮಾತು ಬಂದಾಗ ನನ್ನ ಮನಸ್ಸು ಕಲ್ಕತ್ತೆಯ ಜೋಡಾಸಾಂಕೋದಲ್ಲಿರುವ ಠಾಕೂರರ ಮನೆಗೆ ಹೋಗುತ್ತದೆ. ರವೀಂದ್ರರು 1911ರಲ್ಲಿ ಬರೆದ ‘ಡಾಕ್‌ಘರ್’ ನಾಟಕವನ್ನು 1917ರಲ್ಲಿ ಆ ಮನೆಯಲ್ಲೇ ಆಡಿದರು. ಕಾಯಿಲೆಯ ಹುಡುಗ ಅಮಲ್ ಕಿಟಕಿಯ ಬಳಿ ಕೂತು ರಾಜನ ಕಾಗದಕ್ಕೆ ಕಾಯುವ ನಾಟಕ. 1942ರ ಜುಲೈ 18ರಂದು ಅದೇ ನಾಟಕವನ್ನು ವಾರ್ಸಾದ ಯಹೂದಿ ಘೆಟ್ಟೋದಲ್ಲಿ ಡಾಕ್ಟರ್ ಯಾನುಷ್ ಕೋರ್ಚಾಕ್ ಅವರ ಅನಾಥಾಲಯದ ಮಕ್ಕಳು ಆಡಿದರು. ಮೂರು ವಾರ ತುಂಬುವಷ್ಟರಲ್ಲಿ ಮಕ್ಕಳನ್ನೂ ಡಾಕ್ಟರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದರು. ಸುಮಾರು 200 ಮಕ್ಕಳು ಎಂದು ಪುಸ್ತಕಗಳು ಬರೆಯುತ್ತವೆ. ಈ ಕವಿಯನ್ನು ಓದಿದ ಮೇಲೆ ಆ ‘ಸುಮಾರು’ ಗಂಟಲಲ್ಲಿ ಇಳಿಯುವುದಿಲ್ಲ. ಅಮಲನ ಪಾತ್ರ ಮಾಡಿದವನ ಹೆಸರು ಆಬ್ರಾಷಾ. ಕಲ್ಕತ್ತೆಯ ಯಾವ ಶಾಲೆಯಲ್ಲಾದರೂ ಡಾಕ್‌ಘರ್ ಆಡುವ ದಿನ, ಪರದೆ ಸರಿಯುವ ಮುಂಚೆ ಮೇಷ್ಟ್ರೊಬ್ಬರು ಮುಂದೆ ಬಂದು ಆ ಹುಡುಗನ ಹೆಸರು ಹೇಳಲಿ ಎಂದು ನಾನು ಬಯಸುತ್ತೇನೆ.