ನಡುಗೆರೆಯ ಹಂಗು

ಕಳೆದ ಚಳಿಗಾಲವನ್ನು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ಕಳೆದೆ. ಹೊರಗೆ ಹಿಮ, ಒಳಗೆ ಟಿವಿಯಲ್ಲಿ ಮೊಮ್ಮಗನ ಐಸ್ ಹಾಕಿ. ಪಕ್ ಎಂಬ ಆ ಕರಿಯ ಬಿಲ್ಲೆ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಗೋಲಾಗಿಬಿಟ್ಟಿರುತ್ತಿತ್ತು. “ತಾತ, ಮೊದಲು ಈ ಆಟ ತುಂಬ ನಿಧಾನವಾಗಿತ್ತಂತೆ. ಅದಕ್ಕೆ ನಮ್ಮೂರಿನ ತಂಡವೇ ಕಾರಣವಂತೆ” ಎಂದ.

ಸಂಗತಿ ಹೀಗಿದೆ. 200 ಅಡಿ ಉದ್ದದ ಆ ಅಂಗಣವನ್ನು ಎರಡು ನೀಲಿ ಗೆರೆಗಳು ಮೂರು ಭಾಗ ಮಾಡುತ್ತವೆ. ನಟ್ಟನಡುವೆ ಒಂದು ಕೆಂಪು ಗೆರೆ. ತನ್ನ ನೀಲಿ ಗೆರೆಯ ಹಿಂದಿನಿಂದ ಕೆಂಪು ಗೆರೆಯಾಚೆಯ ಜೊತೆಗಾರನಿಗೆ ಪಕ್ಕನ್ನು ನೇರವಾಗಿ ದಾಟಿಸುವುದು ಆಗ ನಿಷಿದ್ಧವಾಗಿತ್ತು. ಹೀಗಾಗಿ ಎದುರಾಳಿಗಳು ನಡುವಲಯವನ್ನು ಹೆಜ್ಜೆಹೆಜ್ಜೆಯಾಗಿಯೇ ದಾಟಬೇಕು. ಅಲ್ಲಿ ಆಟಗಾರರನ್ನು ಬಲೆಯಂತೆ ನಿಲ್ಲಿಸಿ ಕಾದರಾಯಿತು! ತರಬೇತುದಾರ ಜ್ಯಾಕ್ ಲಮೇರ್ ಇದೇ ತಂತ್ರದಿಂದ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ 1995ರಲ್ಲಿ ಸ್ಟ್ಯಾನ್ಲಿ ಕಪ್ ಗೆಲ್ಲಿಸಿಕೊಟ್ಟರು. ಉಳಿದ ತಂಡಗಳು ಅನುಕರಿಸಿದವು, ಗೋಲುಗಳು ವಿರಳವಾದವು.

ವೇತನದ ವ್ಯಾಜ್ಯದಿಂದ 2004-05ರ ಋತುವೇ ರದ್ದಾಯಿತು. ಮರುವರ್ಷ ಎನ್‌ಎಚ್‌ಎಲ್ ನಿಯಮಗಳನ್ನು ತಿದ್ದಿತು. ಕೆಂಪು ಗೆರೆ ಉಳಿಯಿತು, ಆ ನಿಷೇಧ ಹೋಯಿತು. ನಡುವಲಯ 54 ಅಡಿಯಿಂದ 50 ಅಡಿಗೆ ಕುಗ್ಗಿತು. ಕೋಲಿನಿಂದ ಕೊಕ್ಕೆ ಹಾಕಿ ಎಳೆಯುವುದು ಮೊದಲೂ ತಪ್ಪೇ ಆಗಿತ್ತು. ಕಂಡೂ ಕಾಣದಂತಿದ್ದ ರೆಫರಿಗಳು ಈಗ ಕಟ್ಟುನಿಟ್ಟಾದರು. ಸರಾಸರಿ 5ಕ್ಕಿಂತ ತುಸು ಹೆಚ್ಚಿದ್ದ ಗೋಲುಗಳು ಪಂದ್ಯಕ್ಕೆ 6 ದಾಟಿದವು.

ಇದನ್ನೆಲ್ಲ ಕೇಳುವಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಕಬಡ್ಡಿ ಅಂಗಳ. ತಾಲ್ಲೂಕು ಮಟ್ಟದ ಅಂತಿಮ ಪಂದ್ಯ. ನಮಗೆ ಮೂರು ಅಂಕಗಳ ಮುನ್ನಡೆ. ನಮ್ಮಲ್ಲೊಬ್ಬ ಮಿಂಚಿನಂತಹ ದಾಳಿಗಾರನಿದ್ದ. ಅವನ ಆಟ ನೋಡಲೆಂದೇ ಊರಿನಿಂದ ಅವನ ತಂದೆ ಬಂದಿದ್ದರು. ನಾನು ಅವನನ್ನು ಬಳಿಗೆ ಕರೆದು, “ಯಾರನ್ನೂ ಮುಟ್ಟಲು ಹೋಗಬೇಡ, ಗೆರೆ ದಾಟಿ ಬರಿಗೈಯಲ್ಲಿ ವಾಪಸ್ಸು ಬಾ, ಹೊತ್ತು ಕಳೆದರೆ ಸಾಕು” ಎಂದೆ. ಅವನು ಮರುಮಾತಾಡದೆ ಹಾಗೆಯೇ ಮಾಡಿದ. ಗೆದ್ದೆವು. ಬಹುಮಾನದ ಲೋಟ ಪಡೆಯಲು ಹೆಸರು ಕರೆದಾಗ ಅವನು ಅಲ್ಲಿರಲಿಲ್ಲ. ಚಪ್ಪಾಳೆಯ ನಡುವೆ ಅದನ್ನು ನಾನೇ ತೆಗೆದುಕೊಂಡೆ.

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿ, ಸತತ ಎರಡು ಬರಿಗೈ ದಾಳಿಗಳಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರನೇ ಔಟ್ ಎಂಬ ನಿಯಮವಿದೆ. ಅದನ್ನು ಮೊದಲ ಸಲ ಟಿವಿಯಲ್ಲಿ ಕಂಡಾಗ, ನನಗಾಗಿಯೇ ಬರೆದ ಹಾಗಿದೆಯಲ್ಲ ಎನಿಸಿತ್ತು.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ. ನನ್ನ ಈ ಬರಹಗಳನ್ನು ಓದುತ್ತಾನೆಂದು ಕೇಳಿದ್ದೇನೆ. ಅಪ್ಪಾ, ಆ ಲೋಟ ನನ್ನ ಬೀರುವಿನಲ್ಲೇ ಇದೆ. ನಾನು ಊರಿಗೆ ಮರಳಿದ್ದೇನೆ; ಬಿಡುವಾದಾಗ ಬಂದು ತೆಗೆದುಕೊಂಡು ಹೋಗು.