ಶನಿವಾರ ಹೊರಟವನು ಸೋಮವಾರ ಬಂದುದು

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ವಾರದ ಲೆಕ್ಕದಲ್ಲಿ ತಪ್ಪಿದೆವೆಂದರೆ ವಾಚಕರು ನಕ್ಕಾರು. ನಗಲಿ; ಆ ತಪ್ಪಿನ ಫಲವನ್ನು ಅನುಭವಿಸಿದವನು ಮಾತ್ರ ನಮ್ಮ ಮಗನು.

ಅವನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣದ ಬಳಿ ವಾಸವಾಗಿರುವನು. ಅಲ್ಲಿಂದ ಬೆಂಗಳೂರಿಗೆ ನಡುವೆ ಎಲ್ಲಿಯೂ ಇಳಿಯದೆ ಬರುವ ವಿಮಾನವು 2021ರ ಜನವರಿಯಲ್ಲಿ ಮೊದಲಾಯಿತು. ದೂರ ಸುಮಾರು 14,000 ಕಿಲೋಮೀಟರು. ಪ್ರಯಾಣ ಸುಮಾರು 17 ಗಂಟೆ. ಮುಂದೊಂದು ಚಳಿಗಾಲದಲ್ಲಿ ಅವನ ತಾಯಿಯ ಶ್ರಾದ್ಧವು ಭಾನುವಾರ ಬಂದಿತು. ಅವನಿಗಿದ್ದುದು ನಾಲ್ಕು ದಿನದ ರಜೆ. “ಶನಿವಾರ ರಾತ್ರಿ ಎಂಟೂವರೆಗೆ ಹೊರಡು, ಸಾಕು” ಎಂದು ನಾವೇ ತಿಳಿಸಿದೆವು. ಎಂಟೂವರೆಗೆ ಹದಿನೇಳು ಕೂಡಿಸಿದರೆ ಮರುದಿನ ಮಧ್ಯಾಹ್ನ ಒಂದೂವರೆ, ನಮ್ಮ ಮನೆಯೋ ದೇವನಹಳ್ಳಿಗೆ ಸಮೀಪ, ಅಪರಾಹ್ಣಕಾಲವು ಮೀರದು. ತಿಥಿ ಯಾವ ವಾರವೆಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ತಂದೆಯ ಮಾತೆಂದು ಟಿಕೀಟು ಕೊಂಡನು.

ಭಾನುವಾರ ಬೆಳಗ್ಗೆ ಹತ್ತು ಗಂಟೆ ಕಳೆದಿತ್ತು. ಒಲೆಯ ಮೇಲೆ ಮಡಿಯ ಅಡಿಗೆ ಬೇಯುತ್ತಿದ್ದಿತು. ಸೊಸೆಯು ಫೋನಿನಲ್ಲಿ, “ಮಾವನವರೇ, ಈಗತಾನೆ ಅವರ ವಿಮಾನ ಹೊರಟಿತು” ಎಂದಳು.

ಈಗತಾನೆ! ಅವನು ಮನೆಯ ಹತ್ತಿರಕ್ಕೆ ಬಂದಿರುವನೆಂದು ನಾವು ಎಣಿಸಿಕೊಂಡಿದ್ದೆವು. ಚಳಿಗಾಲದಲ್ಲಿ ಅವರ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದು. ಅದನ್ನು ಹದಿನೇಳಕ್ಕೆ ಕೂಡಿಸಿದರೆ ಮೂವತ್ತೂವರೆ. ಶನಿವಾರ ರಾತ್ರಿ ಹೊರಟವನು ಇಳಿಯುವುದು ಸೋಮವಾರ ಬೆಳಗಿನ ಜಾವ ಮೂರಕ್ಕೆ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿದಾಗ ಒಂದು ತಿಥಿ ಮುಗಿಯುವುದು. ಆ ಕ್ಷಣ ಲೋಕಕ್ಕೆಲ್ಲ ಒಂದೇ. ವಾರವು ಮಾತ್ರ ಆಯಾ ಊರಿನ ಸೂರ್ಯೋದಯಕ್ಕೆ ಅಧೀನವಾದುದು. ಈ ಭೇದವನ್ನು ಎಷ್ಟೋ ಮಂದಿಗೆ ಹೇಳಿಕೊಟ್ಟಿದ್ದೆವು!

ಪುರೋಹಿತರು ಬರುವವರೆಗೆ ಕುಳಿತಿರಲಾರದೆ, ಹಳೆಯ ಭೂಗೋಲವನ್ನು ಕೆಳಗಿಳಿಸಿ ಎರಡು ಊರುಗಳ ನಡುವೆ ಜನಿವಾರದ ನೂಲೊಂದನ್ನು ಬಿಗಿಹಿಡಿದೆವು. ಶಾಲೆಯ ಗೋಡೆಯ ನಕ್ಷೆಯಲ್ಲಿ ಅಮೆರಿಕದ ದಾರಿಯನ್ನು ನಾವು ಯಾವಾಗಲೂ ಯೂರೋಪು, ಅಟ್ಲಾಂಟಿಕ್ ಸಾಗರಗಳ ಮೇಲೆಯೇ ಬೆತ್ತದಿಂದ ತೋರಿಸಿದವರು. ನೂಲು ಆ ಕಡೆಗೇ ಹೋಗಲಿಲ್ಲ. ಅಲಾಸ್ಕದ ಮೇಲೆ ಏರಿ, ಉತ್ತರದ ಹಿಮಸಮುದ್ರದ ಅಂಚನ್ನು ಸವರಿ, ಸೈಬೀರಿಯವನ್ನು ದಾಟಿ, ಹಿಮಾಲಯದ ಮೇಲೆ ನಮ್ಮ ಕಡೆಗೆ ಇಳಿಯಿತು. ಗಾಳಿಯನ್ನೂ ದೇಶದೇಶಗಳ ಅನುಮತಿಯನ್ನೂ ನೋಡಿಕೊಂಡು ವಿಮಾನವು ಅತ್ತಿತ್ತ ಸರಿಯುವುದುಂಟು. ಅತಿ ಸಮೀಪದ ದಾರಿ ಮಾತ್ರ ಅದೇ.

ಅಪರಾಹ್ಣವಾಯಿತು. ನೂಲಿನ ಲೆಕ್ಕದಲ್ಲಿ ಮಗನು ಆಗ ಅಲಾಸ್ಕದ ಹತ್ತಿರ. ಪುರೋಹಿತರ ಅನುಮತಿಯಂತೆ ನಾವೇ ಕರ್ತೃವಾಗಿ ಪಿಂಡವಿಟ್ಟೆವು.

ಸೋಮವಾರ ಇನ್ನೂ ಕತ್ತಲಿರುವಾಗ ಬಂದು ಬಾಗಿಲಲ್ಲಿಯೇ, “ಅಣ್ಣಾ, ಸ್ನಾನಕ್ಕೆ ನೀರು ಕಾದಿದೆಯೆ? ಪುರೋಹಿತರು ಎಷ್ಟು ಹೊತ್ತಿಗೆ ಬರುವರು?” ಎಂದನು. ದಾರಿಯುದ್ದಕ್ಕೂ ಉಪವಾಸವಿದ್ದನೆಂದು ಆಮೇಲೆ ತಿಳಿಯಿತು.