ಎಡಗೈ ಹೆಬ್ಬೆರಳಿನ ಮಾತು

ಮೋಟಾರ್ ಸೈಕಲ್ಲಿಗೆ ಕಣ್ಣು ಮುಂದಿದ್ದರೆ ಬಾಯಿ ಇರುವುದು ಎಡ ಹಿಡಿಕೆಯಲ್ಲಿ. ಕಣ್ಣು ಕೆಟ್ಟರೆ ಕತ್ತಲಾದೊಡನೆ ತಿಳಿಯುತ್ತದೆ. ಬಾಯಿ ಬಿದ್ದುಹೋದದ್ದು ಮಾತ್ರ ಮಾತಾಡಲೇಬೇಕಾದ ಗಳಿಗೆಯಲ್ಲಿ ಗೊತ್ತಾಗುತ್ತದೆ. ಹಾರ್ನಿನ ಸ್ವಿಚ್ಚಿನ ಸ್ವಭಾವವೇ ಹಾಗೆ.

ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಬೈಕುಗಳಲ್ಲಿ ರೇಡಿಯೋದ ದನಿ ಏರಿಸಿ ಇಳಿಸಲು ಹಿಡಿಕೆಯ ಬಳಿಯೇ ಗುಂಡಿಗಳಿರುತ್ತವೆಯಂತೆ. ಸವಾರ ಹಾಡು ಕೇಳುತ್ತ ನೂರಾರು ಮೈಲಿ ಹೋಗುತ್ತಾನೆ. ನಮ್ಮ ಹಿಡಿಕೆಯಲ್ಲಿ ದನಿಗೆಂದು ಇರುವುದು ಒಂದೇ ಗುಂಡಿ. ಅದಕ್ಕೆ ಬರುವುದೂ ಒಂದೇ ರಾಗ. ಅದೂ ನಮಗಾಗಿ ಅಲ್ಲ, ಎದುರಿನವರಿಗಾಗಿ.

ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ತಾಲ್ಲೂಕುಗಳಾದವು. ಈ ನಾಲ್ಕು ಕಡೆಯ ರಸ್ತೆಗಳಿಗೂ ಹಾರ್ನಿನ ವ್ಯಾಕರಣ ಬೇರೆ ಬೇರೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರು. ಅದರ ಡ್ರೈವರು ಹಾಡು ಹಚ್ಚಿಕೊಂಡಿದ್ದರೆ ಹಿಂದಿನ ಲೋಕ ಅವನ ಪಾಲಿಗೆ ಇಲ್ಲ. ಕುಷ್ಟಗಿಯಲ್ಲಿ ಹೆದ್ದಾರಿ, ಅಲ್ಲಿ ಲಾರಿಗಳದೇ ಮಾತು, ನಮ್ಮದು ಬರೀ ಹೂಂಗುಟ್ಟುವಿಕೆ. ಗವಿಮಠದ ಜಾತ್ರೆಯ ದಿನ ಕೊಪ್ಪಳದಲ್ಲಿ ಹಾರ್ನು ಹೊಡೆಯುವವನಷ್ಟು ವ್ಯರ್ಥ ಜೀವಿ ಇನ್ನೊಬ್ಬನಿಲ್ಲ. ಯಲಬುರ್ಗಾದ ಒಳರಸ್ತೆಗಳಲ್ಲಿ ಕುರಿ ಹಿಂಡು ಅಡ್ಡ ಬರುತ್ತದೆ. ಸುಗ್ಗಿಯಲ್ಲಿ ಡಾಂಬರೇ ಕಣವಾಗುತ್ತದೆ.

ನನ್ನ ಗಾಡಿಯ ಹಾರ್ನು ಮೂಕವಾದದ್ದು ಆ ಒಳರಸ್ತೆಯಲ್ಲೇ. ಅಜ್ಜಿಯೊಬ್ಬಳು ನಮಗೆ ಬೆನ್ನು ಹಾಕಿ ರಸ್ತೆಯ ಅಂಚಿನಲ್ಲಿ ಕಾಳು ತೂರುತ್ತಿದ್ದಳು. ಗುಂಡಿ ಒತ್ತಿದರೆ ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಗಾಡಿ ನಿಧಾನ ಮಾಡಿ, ‘ಅಜ್ಜೀ, ದಾರಿ ಬಿಡವಾ’ ಎಂದೆ. ಆಕೆ ಸರಿದು ನಿಂತು, ‘ಹಿಂಗ ಕರದ್ರ ಸರಿಯಂಗಿಲ್ಲೇನಪಾ? ಪೀಂ ಪೀಂ ಅಂತ ಎದಿ ಒಡಿಯಂಗ ಯಾಕ ಒದರಸ್ತೀರಿ?’ ಎಂದಳು. ಹಾರ್ನು ಬೇಡವೇ ಬೇಡ ಎನ್ನಿಸಿಬಿಟ್ಟಿತು.

ಆ ವೇದಾಂತ ಬಹಳ ಹೊತ್ತು ಉಳಿಯಲಿಲ್ಲ. ಮುಂದೆ ಒಂದು ಟ್ರ್ಯಾಕ್ಟರು, ಹಾಡಿನ ಅಬ್ಬರದಲ್ಲಿ, ಹಿಂದೆ ನೋಡದೆ ಹೊಲದ ದಾರಿಗೆ ಬಲಕ್ಕೆ ತಿರುಗಿತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಬ್ರೇಕು ಹಿಡಿಯಿತು, ಬದುಕಿದೆ. ಅಜ್ಜಿಗೆ ಸಾಕಾದ ದನಿ ಟ್ರ್ಯಾಕ್ಟರಿಗೆ ಸಾಲದು.

ಗ್ಯಾರೇಜಿನ ಚಾಚಾ ಹಿಡಿಕೆಯ ಕೆಳಗಿನ ಎರಡು ಸ್ಕ್ರೂ ಬಿಚ್ಚಿದ. ಡಬ್ಬಿ ಎರಡು ಹೋಳಾಯಿತು. ಒಳಗೆ ಎರೆ ಮಣ್ಣಿನ ಧೂಳು, ಗುಂಡಿಯ ಮುರಿದ ಕಾಲು, ತುಕ್ಕು ತಿಂದ ಸ್ಪ್ರಿಂಗು. ಇಷ್ಟೇ ಇಷ್ಟು. ಗುಂಡಿ ಒತ್ತಿದಾಗ ಎರಡು ಲೋಹದ ತುಂಡು ಕೂಡಬೇಕು. ಆಗ ಹಾರ್ನಿನ ಸುರುಳಿ ಅಯಸ್ಕಾಂತವಾಗಿ ತೆಳು ತಗಡನ್ನು ಎಳೆಯುತ್ತದೆ. ಎಳೆದೊಡನೆ ಒಳಗಿನ ಸಂಪರ್ಕ ತಾನೇ ಕಡಿಯುತ್ತದೆ, ತಗಡು ಹಿಂದಕ್ಕೆ ಬರುತ್ತದೆ, ಮತ್ತೆ ಎಳೆತ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಜಗ್ಗಾಟವೇ ಪೀಂ ಎಂಬ ಆ ದನಿ.

ಬರೀ ಗುಂಡಿ ಸಿಗುವುದಿಲ್ಲ, ಇಡೀ ಸೆಟ್ ಕೊಳ್ಳಬೇಕು ಎಂದರು ಅಂಗಡಿಯವರು. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಕಿಕ್ಕು ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಲಿವರು. ಆಗ ಒಂದು ಸಾಮಾನಿಗೆ ಎರಡು ಕೆಲಸ. ಈಗ ಡಿಪ್ಪರು, ಇಂಡಿಕೇಟರು, ಹಾರ್ನು ಎಲ್ಲ ಒಂದೇ ಡಬ್ಬಿಯ ಸಂಸಾರ. ಒಬ್ಬ ಸತ್ತರೆ ಎಲ್ಲರೂ ಸಹಗಮನ ಮಾಡಬೇಕು.

ಚಾಚಾ ನನ್ನ ಜೇಬಿನ ಪೆನ್ನು ಇಸಿದುಕೊಂಡು ಅದರ ಸ್ಪ್ರಿಂಗು ಕತ್ತರಿಸಿ ಕೂರಿಸಿದ. ಗುಜರಿ ಗಾಡಿಯ ಗುಂಡಿ ಮೇಲಿಟ್ಟ. ಹಾರ್ನು ಕೂಗಿತು. ಇಷ್ಟಕ್ಕೇ ಸಾಕಲ್ಲ ಎಂದೆ. ಆತ ತಲೆಯಾಡಿಸಿದ: ‘ಲೈಟ್ ಹೋದ್ರ ಕಣ್ಣಿಗೆ ಕಾಣ್ತೈತ್ರಿ ಸರ. ಇದು ಕೈ ಕೊಡಾದು ಬೇಕಾದಾಗನ. ಇವತ್ತು ಊರು ಮುಟ್ರಿ, ನಾಳಿ ಹೊಸಾದು ಹಾಕೂಣು.’ ತನ್ನ ಜಾಣ್ಮೆಯನ್ನು ತಾನೇ ನಂಬದಿರುವುದೂ ಒಂದು ವಿದ್ಯೆ. ಅಂಥ ಮಿಸ್ತ್ರಿಯ ಮಾತು ಮೀರಬಾರದು.

ಮರುದಿನ ಸೆಟ್ ತಂದೆ. ಚಾಚಾ ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಹೆಡ್‌ಲೈಟಿನ ಒಳಗೆ ಬಣ್ಣಕ್ಕೆ ಬಣ್ಣ ನೋಡಿ ಜೋಡಿಸಿದ. ಬ್ಯಾಟರಿ ಹಚ್ಚಿ, ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸುತ್ತ ಗುಂಡಿ ಒತ್ತಿ ಹಿಡಿದ. ತಂತಿ ಬಿಗಿಯಾಗಿದ್ದರೆ ತಿರುವಿನಲ್ಲಿ ಎಳೆದು ಸವೆಯುತ್ತದೆ. ದನಿ ನಡುವೆ ಕಡಿದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಕಡಿಯಲಿಲ್ಲ.

ಈಗ ಮನೆಯಿಂದ ಹೊರಡುವಾಗ ಒಮ್ಮೆ ಮೆಲ್ಲಗೆ ಒತ್ತಿ ನೋಡುತ್ತೇನೆ. ದಾರಿಯಲ್ಲಿ ಅಜ್ಜಿಯರಿಗೆ, ಕುರಿಗಾಹಿಗಳಿಗೆ ಬಾಯಿಂದಲೇ ಹೇಳುತ್ತೇನೆ. ಹೆಬ್ಬೆರಳು ಮಾತ್ರ ಗುಂಡಿಯ ಬಳಿ ಸುಮ್ಮನೆ ಕಾಯುತ್ತಿರುತ್ತದೆ. ಕಡಿಮೆ ಮಾತಾಡುವವನ ಬಾಯಿಯೇ ಹೆಚ್ಚು ಸರಿಯಾಗಿರಬೇಕು.